ಮಡುವಿನ ಗುಳ್ಳವ್ವ

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ಯಾದಗಿರಿಯ ಸಂತೆಯಲ್ಲಿ ಈಗಲೂ ಮಣ್ಣಿನ ಎತ್ತು ಮಾರುತ್ತಾರೆ. ಅಚ್ಚಿನಲ್ಲಿ ಒತ್ತಿ, ಬಣ್ಣ ಬಳಿದು, ಮಿರಿಮಿರಿ ಮಿಂಚುವ ಎತ್ತುಗಳು. ನನಗೆ ಅವು ಎತ್ತು ಅನ್ನಿಸುವುದೇ ಇಲ್ಲ. ಈ ಸಲ ಒಬ್ಬ ಮುದುಕಿ ಮಾತ್ರ ಬುಟ್ಟಿಯಲ್ಲಿ ಬಣ್ಣ ಕಾಣದ ಹಸಿ ಎತ್ತುಗಳನ್ನು ತಂದಿದ್ದಳು. ಒಂದನ್ನೆತ್ತಿ ಮೂಗಿಗೆ ಹಿಡಿದೆ. ನೀರು, ಜೊಂಡು, ಕೊಳೆತ ಎಲೆ ಎಲ್ಲ ಕಲೆತ ತಣ್ಣನೆಯ ವಾಸನೆ. ಸಂತೆಯ ನಡುವೆಯೇ ಕಣ್ಣು ತುಂಬಿ ಬಂತು. "ತಗೊಳ್ಳೋದಿದ್ರ ತಗೋರಿ, ಮೂಸಿ ಮೂಸಿ ಇಡಬ್ಯಾಡ್ರಿ" ಎಂದು ಮುದುಕಿ ಗದರಿದಳು. ಅವಳ ತಪ್ಪೇನಿದೆ, ಅದು ನಮ್ಮ ಮಡುವಿನ ವಾಸನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಸಗರದ ಆಚೆ ನಮ್ಮ ಮನೆಯಿತ್ತು. ಈಗ ಅಲ್ಲಿ ಗೋಡೆಯೂ ಇಲ್ಲ. ನಿಮಗೂ ಅಂಥ ಒಂದು ಮನೆ ಇದ್ದೀತು, ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವಂಥದು. ಅಂಗಳದ ತುಂಬ ಕುರಿ, ಒಳಗೆಲ್ಲ ಕಂಬಳಿಯ ಘಾಟು. ಮನೆಯ ಯಜಮಾನಿಕೆ ಆಯಿಯದು, ಅಂದರೆ ನನ್ನ ಅಪ್ಪನ ತಾಯಿಯದು. ಅವಳ ಕಿರಿಮಗ ನನ್ನ ಕಾಕಾ; ಅವನನ್ನು ಮದುವೆಯಾಗಿ ಬಂದ ಕಾಕಿಗೆ ಇನ್ನೂ ಹುಡುಗಿಯರ ಜೊತೆ ಕುಂಟಾಟ ಆಡುವ ವಯಸ್ಸು. ಊರ ಹೊರಗೆ ಹಳ್ಳ ತಿರುಗುವಲ್ಲಿ ಹೊಂಗೆ ಮರಗಳ ನೆರಳಲ್ಲಿ ಒಂದು ಮಡು. ನಮ್ಮೂರಿನ ಮಣ್ಣೆತ್ತಿಗೆ, ಆಷಾಢದಲ್ಲಿ ಮಾಡುವ ಗುಳ್ಳವ್ವನ ಮೂರ್ತಿಗೆ ಅಲ್ಲಿಯ ಮಣ್ಣೇ ಆಗಬೇಕು.

ಆಗ ನಾನು ಚಿಕ್ಕ ಹುಡುಗಿ; ಹೈದರಾಬಾದು ಸಂಸ್ಥಾನ ಇನ್ನೂ ಭಾರತಕ್ಕೆ ಸೇರಿರಲಿಲ್ಲ. ಆ ಬೇಸಿಗೆಯಲ್ಲಿ ಸಂಸ್ಥಾನದ ಕಡೆಯ ಬಂದೂಕು ಹಿಡಿದವರು ಬಂದು ಮಡುವಿನ ದಂಡೆಯಲ್ಲೇ ಡೇರೆ ಹೊಡೆದರು. ಯಾಕೆ ಬಂದಿರಿ ಎಂದು ಕೇಳುವ ಎದೆ ಯಾರಿಗೂ ಇರಲಿಲ್ಲ. ಮರುದಿನ ನಸುಕಿನಲ್ಲಿ ಕಾಕಾ, ಗಡಿಯಾಚೆಯ ಹೋರಾಟಗಾರರ ಶಿಬಿರ ಸೇರುತ್ತೇನೆಂದು ಹಳ್ಳದ ದಾರಿ ಹಿಡಿದ. ಮುಟ್ಟಿದನೋ ಇಲ್ಲವೋ, ಸುದ್ದಿಯಿಲ್ಲ. "ಮುಟ್ಟ್ಯಾನ. ಅಲ್ಲೇ ಅದಾನ" ಎಂದು ಆಯಿ ಬೀಸುಕಲ್ಲಿಗೂ ಹೇಳುತ್ತಿದ್ದಳು, ಕುರಿಗಳಿಗೂ ಹೇಳುತ್ತಿದ್ದಳು. ಬಂದವರು ಹೊಂಗೆಗಳನ್ನೆಲ್ಲ ಕಡಿದು ಒಲೆಗೆ ಹಾಕಿದರು, ಮದ್ದು ಸಿಡಿಸಿ ಮೀನು ಹಿಡಿದರು, ದಂಡೆ ಕುಸಿದು ಬಿತ್ತು. ಮಳೆ ಶುರುವಾದ ಮೇಲೆ ಡೇರೆ ಕಿತ್ತರು ನಿಜ. ಆದರೆ ಕುರಿಗಳು ಆ ನೀರಿಗೆ ಮೂತಿ ಇಡಲಿಲ್ಲ. ನಾಯಿಗಳು ದಂಡೆಯವರೆಗೆ ಹೋಗಿ ಬಾಲ ಮುದುರಿ ತಿರುಗುತ್ತಿದ್ದವು. ಹೆಂಗಸರು ಅತ್ತ ಹೋಗಲು ಹೆದರಿ ಹಿತ್ತಲ ಮಣ್ಣಿನಲ್ಲೇ ಎತ್ತು ಮಾಡಿದರು. ಆ ಎತ್ತುಗಳು ಒಣಗುವ ಮೊದಲೇ ಬಿರಿದು ಕಾಲು ಮುರಿದುಕೊಂಡವು.

ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ ಚುಚ್ಚಿ ಸಿಂಗರಿಸಿ, ಹಾಡಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ಆಯಿ ಹಟ ಹಿಡಿದಳು. "ಮಣ್ಣು ಮನಿಗಿ ತರೂದು ಬ್ಯಾಡ. ಮಡುವಿನ ದಂಡಿಮ್ಯಾಲೇ ಮಾಡೂಣು. ಇಷ್ಟು ವರ್ಷ ಮಣ್ಣು ಕೊಟ್ಟಾಕಿ, ಆಕೀನ್ನ ಹಿಂಗ ಬತ್ತಲಿ ಬಿಟ್ಟು ಕುಂದರೂದೇನು?"

"ಅವ್ರು ಮತ್ತ ಬಂದ್ರ ಹ್ಯಾಂಗವಾ?" ಎಂದಳು ನೆರೆಮನೆಯಾಕೆ.

"ಬಂದ್ರ ಬರ್ಲಿ. ಗುಳ್ಳವ್ವಗ ಗುಂಡು ಹೊಡೀತಾರೇನು?"

ಹೋದೆವು. ಯಾರೂ ನಗಲಿಲ್ಲ, ದನಿ ಎತ್ತಿ ಮಾತಾಡಲಿಲ್ಲ. ಎಲ್ಲರ ಕಣ್ಣೂ ಎದುರಿನ ಗುಡ್ಡದ ಮೇಲೆ. ಒಬ್ಬೊಬ್ಬರೂ ಹಿಡಿ ಹಿಡಿ ಮಣ್ಣು ಹಾಕಿ, ನನ್ನ ಎದೆಯೆತ್ತರದ ಗುಳ್ಳವ್ವನನ್ನು ನಿಲ್ಲಿಸಿದೆವು. ಕಡಿದ ಬೊಡ್ಡೆಗಳಲ್ಲಿ ಚಿಗುರಿದ್ದ ಎಲೆ ಸೀರೆಯಾಯಿತು. ಡೇರೆಯವರ ಒಲೆಯ ಇದ್ದಿಲನ್ನೇ ಅರೆದು ಕಾಡಿಗೆ ತೀಡಿದೆವು. ಇನ್ನಷ್ಟು ಮಣ್ಣು ಬೇಕೆಂದು ಕಾಕಿ ಕುಸಿದ ದಂಡೆಯ ಬುಡಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಎಳೆದಾಗ ಬಂದದ್ದು ಒಂದು ಬೆಳ್ಳಿಯ ಉಡದಾರ. ಅದರ ಕೊಂಡಿಯಿದ್ದಲ್ಲಿ ತಾಮ್ರದ ತಂತಿ ಸುತ್ತಿತ್ತು. ಟಗರು ಹಿಡಿಯಲು ಹೋಗಿ ಕಾಕಾ ಅದನ್ನು ಹರಿದುಕೊಂಡಿದ್ದಾಗ ಕಾಕಿಯೇ ಸುತ್ತಿಕೊಟ್ಟ ತಂತಿ ಅದು. ಜೀವವಿರುವ ಗಂಡಸು ಸೊಂಟದಿಂದ ಉಡದಾರ ತೆಗೆಯುವುದಿಲ್ಲ. ಅಷ್ಟು ನನಗೂ ಗೊತ್ತಿತ್ತು.

ನಾನು ಬಾಯಿ ತೆರೆದೆ. ಆಯಿ ಕೆಸರುಗೈಯಿಂದ ನನ್ನ ಬಾಯಿ ಮುಚ್ಚಿದಳು. ಕಾಕಿಯ ಕೈಯಿಂದ ಅದನ್ನು ಬಿಡಿಸಿಕೊಂಡು ನೀರಲ್ಲಿ ಜಾಲಿಸಿದಳು. "ಯಾರ್ದೋ ಏನೋ. ಗುಳ್ಳವ್ವಗ ಡಾಬು ಇರ್ಲಿಲ್ಲ, ಸಿಕ್ತು ನೋಡು" ಎಂದಳು. ಹೆತ್ತ ಮಗನ ಉಡದಾರವನ್ನು ಆ ಮಣ್ಣಿನ ಸೊಂಟಕ್ಕೆ ಸುತ್ತಿ, ಹಾಡು ಎತ್ತಿಕೊಂಡಳು. ದನಿ ಎಲ್ಲೂ ಒಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಕಿಯೂ ದನಿಗೂಡಿಸಿದಳು. ಆರತಿ ಎತ್ತಿ, ಗುಳ್ಳವ್ವನನ್ನು ಡಾಬಿನ ಸಮೇತ ಮಡುವಿಗೆ ಇಳಿಸಿದೆವು. ನೀರು ಕಪ್ಪಾಗಿತ್ತು, ಏನೂ ಕಾಣಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸಂಸ್ಥಾನ ಭಾರತಕ್ಕೆ ಸೇರಿತು. ಶಿಬಿರಕ್ಕೆ ಹೋದವರು ಒಬ್ಬೊಬ್ಬರಾಗಿ ಊರು ಸೇರಿದರು. ಆಯಿ ದಿನವೂ ಸಂಜೆ ಊರ ಅಗಸಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಕಾಕಿ ಅವನ ಕಂಬಳಿಯನ್ನು ಕೊಡವಿ ಬಿಸಿಲಿಗೆ ಹಾಕುತ್ತಿದ್ದಳು. ಮಡುವಿನ ಮಾತನ್ನು ಇಬ್ಬರೂ ಒಮ್ಮೆಯೂ ಆಡಲಿಲ್ಲ. ಬೆಳೆಯುತ್ತ ಬಂದಂತೆ ನನಗೆ ಸಿಟ್ಟು ಬರುತ್ತಿತ್ತು. ಗಂಡ ಸತ್ತವಳೆಂದಾದರೆ ಕಾಕಿ ಉಡಿಕೆಯಾಗಿ ಇನ್ನೊಬ್ಬನ ಮನೆ ತುಂಬಬಹುದಿತ್ತು. ನಮ್ಮಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ತವರಿನವರು ಕರೆಯಲು ಬಂದಾಗಲೆಲ್ಲ "ನನ್ನ ಗಂಡ ಬರಾಂವದಾನ" ಎಂದು ಅವರನ್ನು ಬಾಗಿಲಿಂದಲೇ ಕಳಿಸಿದಳು. ಅವಳ ಹರೆಯವೆಲ್ಲ ಹಾಗೇ ಹೋಯಿತು.

ಎಷ್ಟೋ ವರ್ಷಗಳ ಮೇಲೆ ಆಯಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಕಾಕಿ ಹೊಸ್ತಿಲ ಮುಂದೆ ಕುಳಿತು, ಕಲ್ಲಿಗೆ ಕೈ ಕುಟ್ಟಿ ಹಸಿರು ಬಳೆಗಳನ್ನೆಲ್ಲ ಒಡೆದುಕೊಂಡಳು. ಹೆಂಗಸರು ಗಾಬರಿಯಾಗಿ ಕೈ ಹಿಡಿದರು. "ಅತ್ತಿ ಸತ್ರ ಬಳಿ ಯಾಕ ಒಡಕೋತೀ ನಮ್ಮವ್ವಾ?"

ಕಾಕಿ ಕೈ ಬಿಡಿಸಿಕೊಂಡು, ಸೆರಗಿನಿಂದ ಹಣೆಯ ಕುಂಕುಮ ಒರೆಸುತ್ತ ಹೇಳಿದಳು:

"ಹಡದಾಕಿ ಇರೂತನಕ ಮಗಾ ಇದ್ದ. ಇವತ್ತು ಇಬ್ರೂ ಹೋದ್ರು."