ತೊಳೆಯಬಾರದ ಫಿಲ್ಟರ್

ಅಪ್ಪನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊತ್ತು ತಂದ ನಾನೂ ಸೇರಿ. ಅವರದು ಜಿಪ್ಸಂ ಹಲಗೆಯ ಗೋಡೆ ಎಬ್ಬಿಸುವ ಕೆಲಸ. ಹಲಗೆ ಕೂಡಿಸಬೇಕು, ಸಂದಿಗೆ ಪುಟ್ಟಿ ಮೆತ್ತಬೇಕು, ಒಣಗಿದ ಮೇಲೆ ಉಜ್ಜುಕಾಗದ ಹಿಡಿದು ಕೈಯಲ್ಲೇ ಉಜ್ಜಿ ಸಪಾಟು ಮಾಡಬೇಕು. ಉಜ್ಜಿದ ದಿನ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಸ್ನಾನಕ್ಕೆ ಬಿಳಿ ಹೋಗುತ್ತಿತ್ತು, ಕೆಮ್ಮು ಹೋಗುತ್ತಿರಲಿಲ್ಲ. ಧೂಳು ಬಿಡಿ ಅಂದರು ಡಾಕ್ಟರು. ಅಪ್ಪ ಡಾಕ್ಟರನ್ನೇ ಬಿಟ್ಟರು.

ಅದಕ್ಕೇ ನಾನು ಉಜ್ಜುವ ಮೆಷಿನ್ ತಂದೆ. ಉದ್ದ ಕೋಲಿನ ತುದಿಗೆ ಗಿರ್ರನೆ ತಿರುಗುವ ತಟ್ಟೆ, ಅದರಿಂದ ಒಂದು ಪೈಪು, ಪೈಪಿನ ಕೊನೆಗೆ ಧೂಳು ಎಳೆದುಕೊಳ್ಳುವ ಡಬ್ಬಿ. ಎರಡು ದಿನ ಬಳಸಿ ನೋಡಿ, ಒಗ್ಗದಿದ್ದರೆ ವಾಪಸ್ ಕೊಡಿ ಅಂದಿದ್ದರು ಅಂಗಡಿಯವರು. ಅಪ್ಪ ಒಪ್ಪಿದ್ದು ವಾಪಸ್ ಕೊಡುವ ಆಸೆಯಿಂದಲೇ.

ಹಂಪಿ ನೋಡಲು ಬರುವವರಿಗೆಂದು ಹೊಸಪೇಟೆಯಲ್ಲಿ ಏಳುತ್ತಿದ್ದ ಒಂದು ಗೆಸ್ಟ್ ಹೌಸಿನಲ್ಲಿ ನಮ್ಮ ಕೆಲಸ. ಮೊದಲ ದಿನ ಮೆಷಿನ್ ಹಿಡಿದವಳು ನಾನು. ಏನು ಓಟ ಅದರದು! ಅಪ್ಪ ಅರ್ಧ ದಿನ ತೆಗೆದುಕೊಳ್ಳುವ ಗೋಡೆ ಚಹಾ ಬರುವುದರೊಳಗೆ ಮುಗಿದಿತ್ತು. ನೆಲದ ಮೇಲೆ ಚಿಟಿಕೆ ಧೂಳಿಲ್ಲ. ಅಪ್ಪ ಗೋಡೆಯನ್ನು ಎರಡು ಸಲ ಸವರಿದರು.

ಸಂಜೆ ಮೆಷಿನ್ನನ್ನು ಸ್ಕೂಟರಿನ ಮೇಲೆ ಮನೆಗೆ ತಂದಾಗ ಅದರ ಮೈಯೆಲ್ಲ ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು. ನಮ್ಮ ಕಡೆ ಕೆಂಪು ಕಂಡರೆ ಕೈ ತಾನಾಗಿ ನಲ್ಲಿಗೆ ಹೋಗುತ್ತದೆ. ಕಿಟಕಿ, ಗಾಡಿ, ತುಳಸಿಕಟ್ಟೆ, ಎಲ್ಲವನ್ನೂ ತೊಳೆಯುವ ಜನ ನಾವು. ಡಬ್ಬಿ ತೊಳೆದೆ. ಒಳಗಿನ ಫಿಲ್ಟರನ್ನೂ ತೊಳೆದೆ.

ಬೆಳಿಗ್ಗೆ ಅಪ್ಪ ಮೋಟಾರಿನ ಗಾಳಿಕಿಂಡಿಗಳ ಮೇಲೆಯೇ ವಿಭೂತಿ ಬಳಿದು ಕುಂಕುಮ ಇಟ್ಟರು. ನಾನು ಆಕ್ಷೇಪಣೆ ಎತ್ತಿದೆ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿದ್ದ ಮೆಷಿನ್ ಧೂಳು ಎಳೆಯುವುದು ಬಿಟ್ಟು ಉಗುಳತೊಡಗಿತು. ತಟ್ಟೆಯ ಕೆಳಗೆ ಪುಡಿ ಸಿಕ್ಕಿ ಗೋಡೆ ತುಂಬ ಸುಳಿಸುಳಿ ಗೀರು. ಧೂಳಿನ ಮೋಡದೊಳಗಿಂದ ಅಪ್ಪನ ಕೆಮ್ಮು, ಕೆಮ್ಮಿನ ನಡುವೆ ನಗು.

"ಹೊಳ್ಳಿ ಅಂಗಡಿಗೆ ಕೊಟ್ ಬಾರವ್ವ. ಇವತ್ತ ಕಡೀ ದಿನ."

ನಾನು ಸುಮ್ಮನಿರಲಿಲ್ಲ. ಗಾಳಿಕಿಂಡಿಗೆ ಕುಂಕುಮ ತುಂಬಿದರೆ ಮೋಟಾರು ಉಸಿರಾಡುವುದು ಹೇಗೆ ಎಂದು ಪೂರ್ತಿ ವಾದ ಮಂಡಿಸಿದೆ: ಕಾರಣ, ಪರಿಣಾಮ, ನಂಬಿಕೆಯ ದುಷ್ಫಲ, ಸಮಾರೋಪ. ಅಪ್ಪ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟು, ಬಿಚ್ಚಿ ತೋರಿಸು ಅಂದರು.

ಬಿಚ್ಚಿದೆ. ಕಿಂಡಿಗಳೊಳಗೆ ಏನೂ ಇಲ್ಲ, ಮೋಟಾರು ತಣ್ಣಗಿದೆ. ಡಬ್ಬಿ ಬಿಚ್ಚಿದರೆ ಫಿಲ್ಟರಿನ ಮಡಿಕೆ ಮಡಿಕೆಗೂ ಗಾರೆ! ಒಣಗದ ಫಿಲ್ಟರಿಗೆ ಜಿಪ್ಸಂ ಪುಡಿ ಹೋಗಿ ಪುಟ್ಟಿಯಾಗಿ ಕೂತಿತ್ತು. ನೀರು ತಾಗಿಸಬೇಡಿ, ಒಣ ಬ್ರಷ್‌ನಲ್ಲಿ ತಟ್ಟಿ ಎಂದು ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಮಾತು ಮಾತಿಗೂ ಪುರಾವೆ ಕೇಳುವ ನಾನು ಅದನ್ನು ತೆರೆದೇ ಇರಲಿಲ್ಲ.

"ಕುಂಕುಮದ್ದಲ್ಲ," ಅಂದೆ. "ತಪ್ಪು ನಂದು."

"ಸರಿಯಾಗಿ ಕೇಳ್ಸಲಿಲ್ಲವ್ವ. ಇನ್ನೊಮ್ಮೆ ಅನ್ನು."

ಇನ್ನೊಮ್ಮೆ ಅಂದೆ. ಡಬ್ಬಿಯ ಜೊತೆ ಕೊಟ್ಟಿದ್ದ ಇನ್ನೊಂದು ಫಿಲ್ಟರ್ ಹಾಕಿ, ಪೈಪು ಕೊಡವಿ, ತಟ್ಟೆಗೆ ಇನ್ನೂ ನುಣುಪಾದ ಉಜ್ಜುಹಾಳೆ ಅಂಟಿಸಿದೆ. ಗುಂಡಿ ಒತ್ತುವಷ್ಟರಲ್ಲಿ ಅಪ್ಪ ಕೋಲು ಕಸಿದುಕೊಂಡರು. ನಾನು ವಾದದ ಹಾಗೆಯೇ ಮೆಷಿನ್ನನ್ನೂ ಒತ್ತಿ ಹಿಡಿಯುತ್ತೇನಂತೆ, ಗೀರಿಗೆ ಅದೂ ಒಂದು ಕಾರಣವಂತೆ. ಅವರು ಒತ್ತಲೇ ಇಲ್ಲ, ಗೋಡೆಯ ಮೇಲೆ ತೇಲಿಸಿದರು. ಸಂದು ಎಲ್ಲಿ ಉಬ್ಬಿದೆ ಅನ್ನುವುದು ಕೋಲಿನ ಈ ತುದಿಯಲ್ಲೇ ಅವರ ಅಂಗೈಗೆ ತಿಳಿಯುತ್ತಿತ್ತು. ಗೋಡೆಗೆ ಅಡ್ಡಲಾಗಿ ಟಾರ್ಚ್ ಹಿಡಿದೆ, ಕೂದಲೆಳೆಯಷ್ಟು ಉಬ್ಬಿದ್ದರೂ ನೆರಳು ಬೀಳಬೇಕು. ಒಂದು ಗೀರಿಲ್ಲ, ಒಂದು ನೆರಳಿಲ್ಲ! ಕುಣಿಯುವುದೊಂದು ಬಾಕಿ. ಮೂರನೇ ಗೋಡೆಯ ಹೊತ್ತಿಗೆ ನನಗೆ ಹೊಳೆಯಿತು, ಅಪ್ಪ ಕೆಮ್ಮಿ ಭಾಳ ಹೊತ್ತಾಗಿತ್ತು. ಟಾರ್ಚನ್ನು ಮುಂದಿನ ಗೋಡೆಗೆ ತಿರುಗಿಸಿದೆ.

ಅಂಗಡಿ ಮುಚ್ಚುವ ಹೊತ್ತು ಹತ್ತಿರವಾಯಿತು. ಅಪ್ಪ ಮೆಷಿನ್ ನಿಲ್ಲಿಸದೆ, ಅದರ ಸದ್ದಿನ ಮೇಲೆಯೇ ಕೂಗಿ, ಅಂಗಡಿಗೆ ಫೋನ್ ಹಚ್ಚು ಅಂದರು.

"ಹೊಳ್ಳಿ ಕೊಡ್ತೀವಿ ಅನ್ಲೇನು?"

"ಉಜ್ಜೋ ನುಣುಪು ಹಾಳಿ ಬೇಕಂತ ಹೇಳು. ಇನ್ನೊಂದ್ ಫಿಲ್ಟರ್ನೂ."