ಮದುವೆ ಕ್ಯಾಮೆರಾದಲ್ಲಿ ಮಲೇರಿಯಾ

ಸುರಪುರದ ನಮ್ಮ ಸಣ್ಣ ಲ್ಯಾಬಿಗೆ ತಿಂಥಣಿಯ ಹೆಣ್ಣುಮಗಳೊಬ್ಬಳು ಜ್ವರದಲ್ಲಿ ನಡುಗುತ್ತ ಬಂದಿದ್ದಳು. ಕಿಟ್‌ ಪರೀಕ್ಷೆ ಮಲೇರಿಯಾ ಇಲ್ಲ ಅಂದಿತು. ಆದರೆ ಅವಳ ರಕ್ತಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನನಗೆ ಕುಡುಗೋಲಿನಂತೆ ಬಾಗಿದ ರೋಗಾಣು ಕಂಡಿತು. ಯಾದಗಿರಿಯ ಡಾಕ್ಟರಿಗೆ ಫೋನ್ ಮಾಡಿದೆ.

"ರೋಗಾಣು ಅಲ್ಲ, ನೀವು ಹಾಕಿದ ಬಣ್ಣದ ಕಲೆ ಇರಬೇಕ್ರಿ. ಫೋಟೋ ಕಳಸ್ರಿ, ನೋಡಿ ಹೇಳ್ತೀನಿ" ಅಂದರು.

ಮೊಬೈಲಿನಲ್ಲಿ ತೆಗೆದರೆ ಬರೀ ಮಬ್ಬು. ಎದುರಿನ ಸ್ಟುಡಿಯೋಕ್ಕೆ ಓಡಿ, ಮದುವೆ ಫೋಟೋ ತೆಗೆಯುವ ಬಸಣ್ಣನ ಕ್ಯಾಮೆರಾ ಕೇಳಿದೆ.

"ರಕ್ತ ಹತ್ತಂಗಿಲ್ಲಲ್ಲರಿ ಅಕ್ಕಾರ? ನಾಳಿ ಶಹಾಪುರದಾಗ ಮದುವಿ ಐತಿ."

"ಹತ್ತಂಗಿಲ್ಲ. ನೀವೇ ಹಿಡ್ಕೊಂಡು ಬರ್ರಿ."

ಬಂದ. ಲೆನ್ಸ್ ಬಿಚ್ಚಲು ಹೇಳಿದಾಗ ಅವನ ಮುಖ ಸಣ್ಣದಾಯಿತು, ಆದರೂ ಬಿಚ್ಚಿದ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರ ತೆಗೆದು, ಆ ಜಾಗಕ್ಕೆ ನಳದ ಪೈಪಿನ ತುಂಡು ಸಿಕ್ಕಿಸಿದೆ. ಬೆಳಕು ನುಗ್ಗದಂತೆ ಸಂದಿಗೆ ಕಪ್ಪು ಟೇಪ್ ಸುತ್ತಿ, ಮೇಲೆ ಕ್ಯಾಮೆರಾ ಕೂಡಿಸಿದೆ. ಬಸಣ್ಣ ಅದನ್ನು ಎರಡೂ ಕೈಯಿಂದ ಹಿಡಿದು ಉಸಿರು ಬಿಗಿಹಿಡಿದ. ನಾನು ಮೆಲ್ಲಗೆ ಫೋಕಸ್ ತಿರುಗಿಸಿದೆ. ಕ್ಯಾಮೆರಾದ ಪರದೆಯಲ್ಲಿ ನೇರಳೆ ಕುಡುಗೋಲು ಅಂಚು ಸಮೇತ ಸ್ಪಷ್ಟವಾಗಿ ಮೂಡಿತು.

"ಬಂತ್ ನೋಡ್ರಿ" ಅಂದ ಬಸಣ್ಣ, ತಾನೇ ಹಡೆದವನ ಹಾಗೆ.

ಚಿತ್ರ ಕಳಿಸಿದ ಸ್ವಲ್ಪ ಹೊತ್ತಿಗೆ ಡಾಕ್ಟರ ಫೋನು ಬಂತು.

"ನೀವು ಅಂದದ್ದ ಖರೆ. ಈಗಿಂದೀಗ ಔಷಧ ಶುರು ಮಾಡಸ್ರಿ."

ಆ ಮಾತನ್ನು ಬಸಣ್ಣನಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿ ಇನ್ನೊಮ್ಮೆ ಹೇಳಿಸಿದೆ.

ಗುಣವಾದ ಮೇಲೆ ಆ ಹೆಣ್ಣುಮಗಳು ಮತ್ತೆ ಬಂದು, ತನ್ನನ್ನು ಮಲಗಿಸಿದ್ದು ಯಾವುದು ತೋರಿಸಿ ಅಂದಳು. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ನೋಡಾಕ ಚೆಂದ ಐತಲ್ಲರಿ ಇದು."

ನನಗೂ ಮೊದಲಿನಿಂದ ಹಾಗೇ ಅನ್ನಿಸಿತ್ತು. ರೋಗಿಯ ಮುಂದೆ ಹೇಳುವಂತಿರಲಿಲ್ಲ, ಅಷ್ಟೆ.