ಬೆಕ್ಕಿನ ಮೀಸೆಯೂ ದೊಡ್ಡಮ್ಮನ ಬಲಗೈಯೂ

"ವಯಸ್ಸಾಯ್ತು" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ದೊಡ್ಡಮ್ಮನಿಗೆ ಮೈಯೆಲ್ಲ ಉರಿಯುತ್ತದೆ. ನನಗೂ ಅಷ್ಟೇ. ಮೂವತ್ತೆರಡು ವರ್ಷದಿಂದ ಅವಳು ತಮ್ಮನ, ಅಂದರೆ ನಮ್ಮ ಮಾವನ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ. ಅಂಗಡಿ ಅವನದು, ಅಂಗಡಿಗೆ ಹೆಸರು ಬಂದದ್ದು ಇವಳ ಕೈಯಿಂದ. ಆದರೂ ಮಾವ ಒಂದು ವರ್ಷದಿಂದ ಒಂದೇ ಸಮನೆ ಗೊಣಗುತ್ತಿದ್ದ: ಮಷೀನು ತರುತ್ತೇನೆ, ನೀನು ಮನೆಯಲ್ಲಿರು.

ಇಸ್ತ್ರಿ ಮೇಜಿನ ಎಡತುದಿಯಲ್ಲಿ ಹದಿನಾಲ್ಕು ವರ್ಷದ ಬೆಕ್ಕೊಂದು ಮಲಗುತ್ತದೆ. ಈಚೆಗೆ ಅದರ ಮೀಸೆ ಕಮ್ಮಿಯಾಗತೊಡಗಿತು. ಗಿರಾಕಿಯೊಬ್ಬಳು ಮೂಗು ಮುರಿದಳು. ಮಾವನಿಗೆ ಅಷ್ಟೇ ಬೇಕಿತ್ತು.

"ಅಕ್ಕ, ಅದಕ್ಕೇನೋ ರೋಗ. ಭಾನುವಾರ ಎಲ್ಲಾದ್ರೂ ಬಿಟ್ಟು ಬರ್ತೀನಿ. ವಯಸ್ಸಾದ್ಮೇಲೆ ಜಾಗ ಖಾಲಿ ಮಾಡ್ಲೇಬೇಕಲ್ಲ."

ಆ ಮಾತು ಬೆಕ್ಕೊಂದಕ್ಕೇ ಅಲ್ಲ ಎಂದು ನಾನು ಬಿಡಿಸಿ ಹೇಳಬೇಕೆ?

ಬೆಕ್ಕನ್ನು ಪಶುವೈದ್ಯರಿಗೆ ತೋರಿಸಿದೆವು. "ಚರ್ಮ ಚೆನ್ನಾಗಿದೆ, ರೋಗ ಏನಿಲ್ಲ. ವಯಸ್ಸಾಯ್ತಲ್ಲಮ್ಮ" ಎಂದರು.

"ವಯಸ್ಸು ಮುಖದ ಒಂದೇ ಕಡೆಗೆ ಆಗುತ್ತಾ ಡಾಕ್ಟ್ರೇ?" ಎಂದು ದೊಡ್ಡಮ್ಮ ಸಿಡುಕಿದಳು. ಬಲಗಡೆಯ ಮೀಸೆ ನೆಟ್ಟಗೆ ಹಾಗೇ ಇತ್ತು.

ಅಂಗಡಿಗೆ ಬಂದವಳೇ ಬೆಕ್ಕಿನ ಹಾಸಿಗೆಯಿಂದ ಒಂದು ತುಂಡು ಮೀಸೆ ಹೆಕ್ಕಿ ಮೂಸಿದಳು. ತುದಿ ಸುರುಟಿತ್ತು. ಉಣ್ಣೆ ಸುಟ್ಟ ವಾಸನೆ ಅವಳ ಮೂಗಿಗೆ ತಪ್ಪುತ್ತದೆಯೇ? ಅವಳ ಮುಖ ಸಣ್ಣದಾಯಿತು. ಬೆಕ್ಕಿನ ತಲೆ ಸವರಿದಳು. ಆಮೇಲೆ ಮಾವನನ್ನು ಕೂಗಿದಳು.

"ರೋಗಾನೂ ಅಲ್ಲ, ವಯಸ್ಸೂ ಅಲ್ಲ. ನಾನೇ ಸುಟ್ಟಿದ್ದು. ಬಲಗೈ ಮೇಲೆ ಏಳಲ್ಲ ಕಣೋ, ಮೂರು ತಿಂಗಳಾಯ್ತು. ಎಡಗೈಲೇ ಉಜ್ತಿದ್ದೀನಿ. ಅದಕ್ಕೇ ಇಸ್ತ್ರಿ ಪೆಟ್ಟಿಗೆ ಇಡೋ ಸ್ಟ್ಯಾಂಡು ಈ ಎಡಗಡೆಗೆ, ಬೆಕ್ಕಿನ ಪಕ್ಕಕ್ಕೆ ಬಂತು. ಪಾಪ, ಬೆಚ್ಚಗಿದೆ ಅಂತ ಅದು ಮೂತಿ ಹತ್ರ ತಂದಿದೆ."

ಅಯ್ಯೋ, ತಾನಾಗಿಯೇ ಅವನ ಕೈಗೆ ಕೋಲು ಕೊಟ್ಟಳಲ್ಲ!

"ನೋಡಿದ್ಯಾ? ನಾನು ಬಡ್ಕೊಳ್ತಾ ಇರ್ಲಿಲ್ವಾ, ಮನೇಲಿರು ಅಂತ—"

"ಮುಚ್ಚೋ ಬಾಯಿ! ಮೂರು ತಿಂಗಳಲ್ಲಿ ಒಂದು ಅಂಗಿ ವಾಪಸ್ ಬಂತಾ? ಒಂದು ಸುಕ್ಕು ತೋರಿಸು, ಈಗಲೇ ಹೋಗ್ತೀನಿ."

ಮಾವ ಕಪಾಟಿನತ್ತ ನೋಡಿದ. ಜೋಡಿಸಿಟ್ಟ ಅಂಗಿಗಳಲ್ಲಿ ಒಂದನ್ನು ಎಳೆದು, ಬಿಡಿಸಿ, ಬೆಳಕಿಗೆ ಹಿಡಿದ. ಒಂದು ಸುಕ್ಕೂ ಇರಲಿಲ್ಲ. ಮತ್ತೆ ಮಡಿಸತೊಡಗಿದ, ಮಡಿಕೆ ಸೊಟ್ಟಗಾಯಿತು. ದೊಡ್ಡಮ್ಮ ಅದನ್ನು ಕಿತ್ತುಕೊಂಡು ಎಡಗೈಯಲ್ಲೇ ಸರಿಮಾಡಿದಳು.

"ನಾಳೆ ಬಡಗೀನ ಕರೆಸು. ಮೇಜಿಗೆ ಈ ಕಡೆ ಒಂದು ಮೊಳ ಹಲಗೆ ಸೇರಿಸ್ಲಿ, ಬೆಕ್ಕು ಪೆಟ್ಟಿಗೆಯಿಂದ ದೂರ ಮಲಗ್ಲಿ. ನಾವಿಬ್ರು ಮುದುಕಿಯರೂ ಇಲ್ಲೇ ಇರ್ತೀವಿ."